ತಲೆಯಿಲ್ಲದ ಬೇಸ್ ಗಿಟಾರ್: ಇದ್ದ ಬೇಸನ್ನೇ ಮಾರ್ಪಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರೆಗೆ ರಸಮಂಜರಿ ಕಾರ್ಯಕ್ರಮಗಳಲ್ಲಿ, ಚರ್ಚಿನ ಗಾಯನವೃಂದಗಳಲ್ಲಿ, ಕಾಲೇಜಿನ ಬ್ಯಾಂಡುಗಳಲ್ಲಿ ಬೇಸ್ ನುಡಿಸುವವರು ಇತ್ತೀಚೆಗೆ ನನ್ನಲ್ಲಿ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ತಮ್ಮಲ್ಲಿರುವ ಸಾಮಾನ್ಯ ಬೇಸ್ ಗಿಟಾರಿನ ತಲೆಯನ್ನು ತೆಗೆಸಿ, ಶ್ರುತಿ ಮಾಡುವ ವ್ಯವಸ್ಥೆಯನ್ನು ಬಾಡಿಯ ಕಡೆಗೆ ತರಬಹುದೇ ಎಂಬುದು ಅವರ ಮೂಲ ಪ್ರಶ್ನೆ. ಕಾರವಾರದ ನನ್ನ ಮನೆಯ ಹಿಂದಿನ ಚಾವಡಿಯಲ್ಲಿ ನಾನು ಈವರೆಗೆ ನಾಲ್ಕು ಬೇಸ್‌ಗಳನ್ನು ಹೀಗೆ ಮಾರ್ಪಡಿಸಿದ್ದೇನೆ. ಅವುಗಳಲ್ಲಿ ಮೊದಲನೆಯದು ನನ್ನ ಕೈಯಲ್ಲೇ ಕೆಟ್ಟಿತು. ಅದರ ವಿವರವೂ ಕೆಳಗಿದೆ. ಈ ಕೆಲಸದಲ್ಲಿ ಎಲ್ಲರ ಕಣ್ಣು ತಲೆಯ ಮೇಲಿರುತ್ತದೆ, ಆದರೆ ಕೆಲಸ ಕೂಡಿಬರುವುದೂ ಕೆಡುವುದೂ ಬಾಲದ ಕಡೆಯ ಅಳತೆಯಲ್ಲಿ. ಗರಗಸವನ್ನು ಕೊನೆಗೆ ಹಿಡಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಲೆಯಿಲ್ಲದಿದ್ದರೆ ಶ್ರುತಿ ಮಾಡುವುದು ಎಲ್ಲಿ?

ಸಾಮಾನ್ಯ ಬೇಸಿನಲ್ಲಿ ತಂತಿಯ ಗುಂಡಿನ ತುದಿ ಬಾಡಿಯ ಮೇಲಿನ ಬ್ರಿಜ್‌ಗೆ, ಅಂದರೆ ಕುದುರೆಗೆ, ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿ ತಲೆಯ ಮೇಲಿನ ಕೀಗೆ ಸುತ್ತಿಕೊಂಡಿರುತ್ತದೆ. ತಲೆಯಿಲ್ಲದ ಬೇಸಿನಲ್ಲಿ ನಟ್‌ನ (ತಲೆಯ ಕಡೆ ತಂತಿಗಳು ಒರಗಿ ಹಾಯುವ ಗೀರುಪಟ್ಟಿಯ) ಹಿಂದೆ ಒಂದು ಚಿಕ್ಕ ಲೋಹದ ತುಂಡು, ಅಂದರೆ ತಂತಿಹಿಡಿ, ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಅಷ್ಟೇ; ಅಲ್ಲಿ ತಿರುಗಿಸುವುದಕ್ಕೆ ಏನೂ ಇರುವುದಿಲ್ಲ. ಗುಂಡಿನ ತುದಿ ಬ್ರಿಜ್‌ನ ಹಿಂದೆ ಜಾರುವ ಒಂದು ದವಡೆಯಲ್ಲಿ ಕೂರುತ್ತದೆ. ಹಿಂಬದಿಯ ಗುಬ್ಬಿಯನ್ನು ತಿರುಗಿಸಿದಾಗ ಮರೆಯ (ಸ್ಕ್ರೂವಿನ ಸುತ್ತುಗೆರೆಯ) ಬಲದಿಂದ ದವಡೆ ಹಿಂದಕ್ಕೆ ಸರಿದು ತಂತಿ ಬಿಗಿಯಾಗುತ್ತದೆ. ವೀಣೆಯನ್ನು ಬಲ್ಲವರಿಗೆ ಇದು ತೀರಾ ಹೊಸದೇನಲ್ಲ. ವೀಣೆಯಲ್ಲಿ ಬಿರಡೆಯಿಂದ ಶ್ರುತಿಯ ಹತ್ತಿರ ಬಂದು, ಕುದುರೆಯ ಆಚೆಗಿರುವ ಲಂಗರಿನಿಂದ ಸೂಕ್ಷ್ಮವಾಗಿ ಸರಿಪಡಿಸುತ್ತಾರಲ್ಲ, ಇಲ್ಲಿ ಆ ಲಂಗರಿನ ಜಾಗವೇ ಪೂರ್ತಿ ಶ್ರುತಿಯ ಹೊಣೆ ಹೊತ್ತಿದೆ ಎಂದು ಭಾವಿಸಬಹುದು.

ಬೇಸ್ ಗಿಟಾರಿನಲ್ಲಿ ಈ ರೂಪವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ನೆಡ್ ಸ್ಟೈನ್‌ಬರ್ಗರ್. 1980ರ ಸುಮಾರಿಗೆ ಬಂದ ಅವರ ಎಲ್2 ಎಂಬ ಬೇಸ್ ಮರದ್ದಾಗಿರಲಿಲ್ಲ. ಕಾರ್ಬನ್ ನಾರು ಮತ್ತು ಎಪಾಕ್ಸಿ ಅಂಟಿನಿಂದ ಎರಕಗೊಂಡಿತ್ತು. ಆ ವಾದ್ಯವನ್ನು ಮೊದಲಿನಿಂದಲೂ ತಲೆಯಿಲ್ಲದಂತೆಯೇ ರೂಪಿಸಲಾಗಿತ್ತು. ನಾವು ಮಾಡಹೊರಟಿರುವುದು ತಲೆಯಿರಲೆಂದೇ ರೂಪಿಸಿದ ಮರದ ವಾದ್ಯದ ಮಾರ್ಪಾಡು, ಆದ್ದರಿಂದ ನಮ್ಮ ತೊಡಕುಗಳೂ ಬೇರೆ.

ಇದನ್ನು ಮಾಡಿಸುವುದರಿಂದ ನಿಜವಾದ ಪ್ರಯೋಜನ ಏನು?

ಮೊದಲನೆಯದು ಭುಜಕ್ಕೆ. ಬೇಸಿನ ನಾಲ್ಕು ದೊಡ್ಡ ಕೀಗಳು ಮತ್ತು ತಲೆಯ ಮರ ಸೇರಿ ಸುಮಾರು ಅರ್ಧ ಕಿಲೋ ತೂಗುತ್ತವೆ. ಅರ್ಧ ಕಿಲೋ ಏನು ಮಹಾ ಎನಿಸಬಹುದು, ಆದರೆ ಆ ತೂಕ ಕೂತಿರುವುದು ಬೆಲ್ಟಿನ ಗುಬ್ಬಿಯಿಂದ ಸುಮಾರು 55 ಸೆಂ.ಮೀ. ದೂರದಲ್ಲಿ. ಅದನ್ನು ಸರಿದೂಗಿಸಬೇಕಾದರೆ ಬಾಡಿಯ ಕಡೆ 20 ಸೆಂ.ಮೀ. ದೂರದಲ್ಲಿ ಹೆಚ್ಚುಕಡಿಮೆ 1.4 ಕಿಲೋ ಇರಬೇಕಾಗುತ್ತದೆ. ಹಗುರ ಬಾಡಿಯ ಬೇಸ್‌ಗಳಲ್ಲಿ ಅಷ್ಟು ಇರುವುದಿಲ್ಲವಾದ್ದರಿಂದ ನೆಕ್ (ಬಾಡಿಯಿಂದ ಚಾಚಿರುವ ಉದ್ದ ಕತ್ತು) ನೆಲದ ಕಡೆಗೆ ಜಗ್ಗುತ್ತದೆ, ಎಡಗೈ ನುಡಿಸುವುದರ ಜೊತೆಗೆ ಹೊರುವ ಕೆಲಸವನ್ನೂ ಮಾಡಬೇಕಾಗುತ್ತದೆ. ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಶಿರಸಿಯಲ್ಲಿ ರಾತ್ರಿ ನಾಲ್ಕು ತಾಸು ನಿಂತು ನುಡಿಸಿದವರಿಗೆ ಮರುದಿನ ಎಡ ಮಣಿಕಟ್ಟು ಏನು ಹೇಳುತ್ತದೆ ಎಂಬುದು ಗೊತ್ತು.

ಎರಡನೆಯದು ಪ್ರಯಾಣ. 34 ಇಂಚು ಸ್ಕೇಲಿನ, ಅಂದರೆ ನಟ್‌ನಿಂದ ಬ್ರಿಜ್‌ವರೆಗೆ ಅಷ್ಟು ಉದ್ದ ತಂತಿ ಮಿಡಿಯುವ, ಸಾಮಾನ್ಯ ಬೇಸ್ ಸುಮಾರು 117 ಸೆಂ.ಮೀ. ಉದ್ದವಿರುತ್ತದೆ, ತಲೆ ಹೋದ ಮೇಲೆ ಒಂದು ಮೀಟರಿನೊಳಗೆ ಬರುತ್ತದೆ. ದೇವಿಮನೆ ಘಟ್ಟ ಹತ್ತುವ ಸಾರಿಗೆ ಬಸ್ಸಿನಲ್ಲಿ ಆ ಒಂದು ಗೇಣು ಬಹಳ ದೊಡ್ಡದು, ಏಕೆಂದರೆ ತಿರುವು ಬಂದಾಗಲೆಲ್ಲ ತಲೆಯ ಕೀಗಳು ಪಕ್ಕದವರ ಮೊಣಕಾಲಿಗೆ ಬಡಿಯುವುದು ತಪ್ಪುತ್ತದೆ, ಕೀಗೆ ಪೆಟ್ಟು ಬಿದ್ದು ಶ್ರುತಿ ಕೆಡುವುದೂ ತಪ್ಪುತ್ತದೆ.

ಮೂರನೆಯದು ಶ್ರುತಿಯ ಸ್ಥಿರತೆ. ಕೀಗೆ ಸುತ್ತಿದ ಸುತ್ತುಗಳು ನಿಧಾನವಾಗಿ ಬಿಗಿದುಕೊಳ್ಳುವ ಪ್ರಶ್ನೆಯೇ ಇಲ್ಲವಾದ್ದರಿಂದ ಹೊಸ ತಂತಿ ಬೇಗ ನಿಲ್ಲುತ್ತದೆ. ಅಂದವಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಮಾಡಿಸುವವರಿಗೆ ಮಾತ್ರ ನಾನು ಬೇಡ ಎನ್ನುತ್ತೇನೆ.

ಸ್ವರ ಬದಲಾಗುತ್ತದೆಯೇ?

ತಂತಿಯ ಸ್ವರವನ್ನು ನಿರ್ಧರಿಸುವುದು ನಟ್‌ನಿಂದ ಸ್ಯಾಡಲ್‌ವರೆಗಿನ (ಬ್ರಿಜ್ ಮೇಲೆ ತಂತಿ ಒರಗುವ ತುಂಡಿನವರೆಗಿನ) ಉದ್ದ, ಬಿಗಿತ ಮತ್ತು ತಂತಿಯ ದಪ್ಪ. ಇವು ಮೂರೂ ಬದಲಾಗದ ಕಾರಣ ದಪ್ಪ ತಂತಿ ಮೊದಲಿನಂತೆಯೇ ಸೆಕೆಂಡಿಗೆ 41.2 ಬಾರಿ, ತೆಳು ತಂತಿ 98 ಬಾರಿ ಕಂಪಿಸುತ್ತದೆ. ಬೆರಳಿಗೆ ತಂತಿ ಸಡಿಲವಾಯಿತೆಂದು ಅನ್ನಿಸಿದರೆ ಅದಕ್ಕೆ ಕಾರಣ ಬಹುಮಟ್ಟಿಗೆ ತಂತಿಯ ಎತ್ತರ ಬದಲಾಗಿರುವುದು.

ಆದರೂ ಒಂದು ನಿಜವಾದ ವ್ಯತ್ಯಾಸವಿದೆ. ಬೋಲ್ಟ್ ಹಾಕಿದ ಉದ್ದ ನೆಕ್ಕಿನ ಬೇಸ್‌ಗಳಲ್ಲಿ ತೆಳು ತಂತಿಯ 5ರಿಂದ 7ನೇ ಫ್ರೆಟ್ಟಿನ (ನೆಕ್ಕಿನ ಮೇಲಿನ ಅಡ್ಡ ಲೋಹದ ಮೆಟ್ಟಿನ) ನಡುವೆ ಎಲ್ಲೋ ಒಂದು ಸ್ವರ ಬೇಗ ಸತ್ತುಹೋಗುವುದನ್ನು ನೀವು ಗಮನಿಸಿರಬಹುದು. ಅಲ್ಲಿನ ಸ್ವರಗಳ ಕಂಪನ ಸೆಕೆಂಡಿಗೆ ಸುಮಾರು 131ರಿಂದ 147. ನೆಕ್ ತಾನೇ ಅಲುಗಾಡುವ ವೇಗ ಅದರ ಹತ್ತಿರ ಬಂದಾಗ ತಂತಿಯ ಶಕ್ತಿಯನ್ನು ಮರ ಹೀರಿಕೊಳ್ಳುತ್ತದೆ. ನೆಕ್ಕಿನ ತುದಿಯಲ್ಲಿದ್ದ ಅರ್ಧ ಕಿಲೋ ಭಾರವನ್ನು ತೆಗೆದರೆ ನೆಕ್ ಅಲುಗುವ ವೇಗ ಹೆಚ್ಚುತ್ತದೆ, ಹಾಗಾಗಿ ಸತ್ತ ಸ್ವರ ಮೇಲಿನ ಫ್ರೆಟ್ಟುಗಳತ್ತ ಸರಿಯುತ್ತದೆ. ನನ್ನ ಎರಡನೆಯ ಬೇಸಿನಲ್ಲಿ ಅದು ಎಲ್ಲಿ ಹೋಯಿತೆಂದು ಹುಡುಕುವಷ್ಟು ಕ್ಷೀಣವಾಯಿತು, ಮೂರನೆಯದರಲ್ಲಿ ಮೂರು ಫ್ರೆಟ್ ಮೇಲಕ್ಕೆ ಹೋಗಿ ಅಲ್ಲಿ ಕೂತಿತು. ಅದು ಪೂರ್ಣ ಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಯಾವ ಬೇಸ್ ತಕ್ಕದ್ದು? ಯಾವುದನ್ನು ಮುಟ್ಟಬಾರದು?

ನೆಕ್ ಅನ್ನು ನಾಲ್ಕು ಸ್ಕ್ರೂಗಳಿಂದ ಬಾಡಿಗೆ ಬಿಗಿದಿರುವ, ತಲೆ ಹಿಂದಕ್ಕೆ ಬಾಗದೆ ನೇರವಾಗಿ ಮುಂದುವರಿದಿರುವ ಬೇಸ್ ಇದಕ್ಕೆ ತಕ್ಕದ್ದು. 1951ರಲ್ಲಿ ಲಿಯೋ ಫೆಂಡರ್ ಹೊರತಂದ ಪ್ರಿಸಿಷನ್ ಬೇಸಿನ ಮಾದರಿಯಲ್ಲಿ ಇಂದು ಎಷ್ಟೋ ಕಂಪನಿಗಳು ಕಡಿಮೆ ಬೆಲೆಯ ವಾದ್ಯಗಳನ್ನು ಮಾಡುತ್ತವೆ, ನಮ್ಮಲ್ಲಿ ಹೆಚ್ಚಾಗಿ ಸಿಗುವುದೂ ಅವೇ. ನೆಕ್ ಬಿಚ್ಚಿ ಬರುವುದರಿಂದ ತಪ್ಪಾದರೂ ಬಾಡಿ ಉಳಿಯುತ್ತದೆ.

ತಲೆ ಹಿಂದಕ್ಕೆ ಬಾಗಿರುವ ಬೇಸನ್ನು ದಯವಿಟ್ಟು ಬಿಟ್ಟುಬಿಡಿ. ಅಂಥ ನೆಕ್‌ಗಳಲ್ಲಿ ತಲೆಯನ್ನು ಓರೆಯಾಗಿ ಕತ್ತರಿಸಿ ಅಂಟಿಸಿರುವುದು ಸಾಮಾನ್ಯ, ಮತ್ತು ಆ ಅಂಟಿನ ಗೆರೆ ನಾವು ಕತ್ತರಿಸಬೇಕಾದ ಜಾಗದ ಹತ್ತಿರವೇ ಹಾಯುತ್ತದೆ. ನೆಕ್ ಮತ್ತು ಬಾಡಿ ಒಂದೇ ಮರದಲ್ಲಿರುವ ವಾದ್ಯಕ್ಕೂ, ಹಳೆಯದಾಗಿ ಬೆಲೆ ಬಂದಿರುವ ವಾದ್ಯಕ್ಕೂ ಕೈ ಹಚ್ಚಬಾರದು. ಕತ್ತರಿಸಿದ ತಲೆ ಮತ್ತೆ ಬರುವುದಿಲ್ಲ, ಮಾರುವಾಗ ಕೊಳ್ಳುವವರೂ ಕಡಿಮೆ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಬಾಲದಿಂದ. ಬೇಸನ್ನು ಮೇಜಿನ ಮೇಲೆ ಮಲಗಿಸಿ, ನಟ್‌ನ ಮುಂದಿನ ಅಂಚಿನಿಂದ 12ನೇ ಫ್ರೆಟ್ಟಿನ ನಡುವಿನವರೆಗೆ ಉಕ್ಕಿನ ಅಳತೆಪಟ್ಟಿಯಿಂದ ಅಳೆಯಿರಿ. 34 ಇಂಚು ಸ್ಕೇಲ್ ಆಗಿದ್ದರೆ 431.8 ಮಿ.ಮೀ. ಬರಬೇಕು. ಅದರ ಎರಡರಷ್ಟು, ಅಂದರೆ 863.6 ಮಿ.ಮೀ. ದೂರದಲ್ಲಿ ಬಾಡಿಯ ಮೇಲೆ ಕಾಗದದ ಟೇಪ್ ಅಂಟಿಸಿ ಗೆರೆ ಎಳೆಯಿರಿ. ತೆಳು ತಂತಿಯ ಸ್ಯಾಡಲ್ ಈ ಗೆರೆಗಿಂತ ಸ್ವಲ್ಪ ಹಿಂದೆ, ದಪ್ಪ ತಂತಿಯದು ಇನ್ನೂ ಕೆಲವು ಮಿಲಿಮೀಟರ್ ಹಿಂದೆ ಕೂರಬೇಕಾಗುತ್ತದೆ. ಆದ್ದರಿಂದ ಸ್ಯಾಡಲ್‌ಗಳು ಬಹುಪಾಲು ಮುಂದಕ್ಕೆ ಇರುವಾಗ ಗೆರೆಗೆ ಹೊಂದುವಂತೆ, ಹಿಂದೆ ಸರಿಯಲು ಜಾಗ ಉಳಿಯುವಂತೆ ಹೊಸ ಬ್ರಿಜ್ ಇಡಬೇಕು.

ಈಗ ಆ ಗೆರೆಯಿಂದ ಬಾಡಿಯ ಹಿಂದಿನ ಅಂಚಿನವರೆಗೆ ಎಷ್ಟಿದೆ ಎಂದು ನೋಡಿ, ಹೊಸ ಬ್ರಿಜ್‌ನ ಸ್ಯಾಡಲ್‌ನಿಂದ ಗುಬ್ಬಿಯ ಹಿಂತುದಿಯವರೆಗಿನ ಉದ್ದವನ್ನು ಅದರೊಂದಿಗೆ ಹೋಲಿಸಿ. ಸಾಮಾನ್ಯ ಬೇಸ್‌ಗಳಲ್ಲಿ ಗುಬ್ಬಿಗಳು ಬಾಡಿಯ ಮೇಲೆಯೇ ನಿಂತುಬಿಡುತ್ತವೆ, ಬೆರಳು ಹಿಡಿಯಲು ಜಾಗವಿರುವುದಿಲ್ಲ. ಗುಬ್ಬಿಯ ಸುತ್ತ ಹೆಬ್ಬೆರಳು ಮತ್ತು ತೋರುಬೆರಳು ಸರಾಗವಾಗಿ ತಿರುಗಲು ಹಿಂದೆ ಕನಿಷ್ಠ 20 ಮಿ.ಮೀ. ತೆರವು ಬೇಕು. ಹಾಗಾಗಿ ಬಾಡಿಯ ಹಿಂದಿನ ಅಂಚಿನ ನಡುವಿನಲ್ಲಿ ಒಂದು ಕಚ್ಚನ್ನು ಕೊರೆಯಬೇಕಾಗುತ್ತದೆ. ಈ ಕಚ್ಚಿನಿಂದ ಎರಡು ಸಂಗತಿಗಳು ಹೊರಬೀಳುತ್ತವೆ, ಇವೆರಡನ್ನೂ ಮೊದಲೇ ಯೋಚಿಸಿದವರನ್ನು ನಾನು ಕಂಡಿದ್ದು ಕಡಿಮೆ. ಬೆಲ್ಟಿನ ಹಿಂದಿನ ಗುಬ್ಬಿ ಇರುವುದು ಸರಿಯಾಗಿ ಅದೇ ಜಾಗದಲ್ಲಿ. ಅದನ್ನು ಕಚ್ಚಿನ ಮೇಲ್ಬದಿಗೆ ಸರಿಸಬೇಕು. ಇನ್ನೊಂದು, ಬೇಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಅದರ ಪೂರ್ತಿ ಭಾರ ಶ್ರುತಿಯ ಗುಬ್ಬಿಗಳ ಮೇಲೆ ಬೀಳಬಾರದು. ಕಚ್ಚಿನ ಎರಡೂ ಬದಿಯ ಮರ ಗುಬ್ಬಿಗಳಿಗಿಂತ ಒಂದು ಬೆರಳಿನಷ್ಟಾದರೂ ಹಿಂದಕ್ಕೆ ಚಾಚಿರಲಿ.

ತಂತಿಗಳ ನಡುವಿನ ಅಂತರವನ್ನೂ ಕೊಳ್ಳುವ ಮೊದಲೇ ಅಳೆಯಿರಿ. ಫೆಂಡರ್ ಮಾದರಿಯಲ್ಲಿ ಬ್ರಿಜ್ ಬಳಿ 19 ಮಿ.ಮೀ. ಇರುತ್ತದೆ; ಅದಕ್ಕಿಂತ ಕಿರಿದಾದ ಬ್ರಿಜ್ ತಂದರೆ ತಂತಿಗಳು ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಭಾಗದ) ಕಂಬಗಳ ಮೇಲೆ ಹಾಯುವುದಿಲ್ಲ. ಒಂದೊಂದು ತಂತಿಗೆ ಒಂದೊಂದಾಗಿ ಬಿಡಿಬಿಡಿ ಸಿಗುವ ಬ್ರಿಜ್‌ಗಳಲ್ಲಿ ಅಂತರವನ್ನು ನಾವೇ ಇಟ್ಟುಕೊಳ್ಳಬಹುದು, ಆದರೆ ನಾಲ್ಕನ್ನೂ ಸಮಾನಾಂತರವಾಗಿ ಕೂರಿಸುವ ತಾಳ್ಮೆ ಬೇಕು. ಜರ್ಮನಿಯ ಎಬಿಎಂ, ಅಮೆರಿಕದ ಹಿಪ್‌ಶಾಟ್ ಕಂಪನಿಗಳ ಭಾಗಗಳು ಗಟ್ಟಿಮುಟ್ಟಾಗಿವೆ. ಅವುಗಳ ಬೆಲೆ ಕೆಲವೊಮ್ಮೆ ಬೇಸಿನ ಬೆಲೆಯನ್ನೇ ಮೀರುತ್ತದೆ.

ನೆಕ್ಕಿನೊಳಗಿನ ಟ್ರಸ್ ರಾಡ್ (ನೆಕ್ ಬಾಗದಂತೆ ತಡೆಯುವ ಲೋಹದ ಸರಳು) ಏನಾಗುತ್ತದೆ?

ಈ ಪ್ರಶ್ನೆಯನ್ನು ಕೇಳದೆಯೇ ನಾನು ಮೊದಲ ನೆಕ್ ಕತ್ತರಿಸಿದೆ. ನಟ್‌ನಿಂದ 15 ಮಿ.ಮೀ. ಹಿಂದೆ ಪೆನ್ಸಿಲ್ ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಿಂದ ನಿಧಾನವಾಗಿ ಕೊಯ್ಯುತ್ತಿದ್ದೆ. ತಿಳಿಹಳದಿ ಹೊಟ್ಟು ಬೀಳುತ್ತಿತ್ತು. ಮರದ ಅರ್ಧ ದಾಟಿದ ಮೇಲೆ ಗರಗಸದ ಸದ್ದು ಒಮ್ಮೆಲೇ ಬದಲಾಯಿತು, ಹಿಡಿಯಲ್ಲಿ ನಡುಕ ಬಂತು, ಹೊಟ್ಟಿನ ನಡುವೆ ಬೂದುಬಣ್ಣದ ಪುಡಿ ಹೊಳೆಯಿತು. ರಾಡಿನ ಮರೆಯ ತುದಿ ನಾನು ಎಳೆದ ಗೆರೆಗಿಂತ 3 ಮಿ.ಮೀ. ಆಚೆಗಿತ್ತು. ಆ ನೆಕ್ಕನ್ನು ಮುಂದೆ ಬಿಗಿ ಮಾಡಲು ಆಗಲೇ ಇಲ್ಲ. ತಂತಿ ಹಾಕಿದ ಮೇಲೆ ಅದು ಬಿಲ್ಲಿನಂತೆ ಬಾಗುತ್ತ ಬಂತು, ಆಷಾಢದ ಹೊತ್ತಿಗೆ 12ನೇ ಫ್ರೆಟ್ಟಿನಲ್ಲಿ ತಂತಿಯ ಕೆಳಗೆ ನನ್ನ ಕಿರುಬೆರಳು ತೂರುವಂತಾಯಿತು.

ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಎಳೆಯುವ ಬಲ ಸುಮಾರು 75 ಕಿಲೋ, ಅಂದರೆ ಹೆಚ್ಚುಕಡಿಮೆ ಒಬ್ಬ ಆಳಿನ ತೂಕ. ಇದಕ್ಕೆ ಎದುರಾಗಿ ನಿಲ್ಲುವುದೇ ಟ್ರಸ್ ರಾಡ್. ಆದ್ದರಿಂದ ಕತ್ತರಿಸುವ ಮೊದಲು ಅದರ ತುದಿ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ರಾಡನ್ನು ತಲೆಯ ಕಡೆಯಿಂದ ತಿರುಗಿಸುವ ನೆಕ್ ಆಗಿದ್ದರೆ ನಟ್‌ನ ಹಿಂದೆ ರಂಧ್ರ ಕಾಣುತ್ತದೆ. ಆಲೆನ್ ಕೀಯನ್ನು (ಆರು ಮೂಲೆಯ ತಿರುಗಣಿ ಕಡ್ಡಿಯನ್ನು) ಪೂರ್ತಿ ಒಳಗಿಟ್ಟು, ರಂಧ್ರದ ಬಾಯಿಯ ಬಳಿ ಅದಕ್ಕೆ ಟೇಪ್ ಸುತ್ತಿ, ಹೊರತೆಗೆದು ಅಳೆದರೆ ಮರೆ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಇಂಥ ನೆಕ್ಕಿಗೆ, ನಡುವಿನಲ್ಲಿ ಕೀ ಹಾಯಲು ದಾರಿ ಬಿಟ್ಟಿರುವ ತಂತಿಹಿಡಿಯೇ ಬೇಕು. ಇಲ್ಲದಿದ್ದರೆ ಪ್ರತಿ ಮಳೆಗಾಲದಲ್ಲಿ ನಾಲ್ಕೂ ತಂತಿ ಬಿಚ್ಚಿ, ಲೋಹದ ತುಂಡನ್ನೇ ಕಳಚಬೇಕಾಗುತ್ತದೆ. ರಾಡನ್ನು ಬಾಡಿಯ ಕಡೆಯಿಂದ ತಿರುಗಿಸುವ ನೆಕ್ ಆಗಿದ್ದರೆ ಅದೃಷ್ಟವೆನ್ನಬೇಕು. ಅಲ್ಲಿಯೂ ರಾಡಿನ ಮುಂತುದಿಯ ಲಂಗರು ನಟ್‌ನ ಆಚೆಗೆ ಚಾಚಿರಬಹುದು. ತಲೆಯ ಮೇಲೆ ನಟ್‌ನ ಹಿಂದೆ ಬೇರೆ ಬಣ್ಣದ ಮರದ ಬೆಣೆ ಕಂಡರೆ ಲಂಗರು ಅದರ ಕೆಳಗಿದೆ ಎಂದೇ ತಿಳಿದು, ಬೆಣೆಯನ್ನು ದಾಟಿ ಗೆರೆ ಎಳೆಯಿರಿ. ನೆಕ್ಕಿನ ಬೆನ್ನಿನ ಮೇಲೆ ಬಲವಾದ ಅಯಸ್ಕಾಂತವನ್ನು ಜಾರಿಸಿ ನೋಡುವುದೂ ಉಪಯೋಗಕ್ಕೆ ಬರುತ್ತದೆ.

ನಟ್‌ನ ಹಿಂದೆ ಲೋಹದ ತಂತಿಹಿಡಿಯನ್ನು ಕೂರಿಸುವುದು ಹೇಗೆ?

ಫೆಂಡರ್ ಮಾದರಿಯ ತಲೆ ಫ್ರೆಟ್ಟಿನ ಹಲಗೆಗಿಂತ ಕೆಳಮಟ್ಟದಲ್ಲಿರುತ್ತದೆ ಮತ್ತು ನಟ್‌ನ ಹಿಂದೆ ಮರ ಇಳಿಜಾರಾಗಿ ಕೊರೆದಿರುತ್ತದೆ. ಆ ಇಳಿಜಾರಿನ ಮೇಲೆ ಲೋಹದ ತುಂಡು ಸಮನಾಗಿ ಕೂರುವುದಿಲ್ಲ. ಉಳಿಯಿಂದ ಅದನ್ನು ಚಪ್ಪಟೆ ಮಾಡಿ, ಮೇಲೆ ಒಂದು ಗಟ್ಟಿ ಮರದ ತುಂಡನ್ನು ಅಂಟಿಸಿ, ಬೇಕಾದ ಎತ್ತರಕ್ಕೆ ಕೀಸಬೇಕು. ನಮ್ಮಲ್ಲಿ ಸಾಗವಾನಿ ಸುಲಭವಾಗಿ ಸಿಗುವುದರಿಂದ ಅದನ್ನೇ ಹಾಕುವವರಿದ್ದಾರೆ. ಸಾಗವಾನಿಯಲ್ಲೂ ಬೀಟೆಯಲ್ಲೂ ಎಣ್ಣೆಯ ಅಂಶ ಇರುವುದರಿಂದ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ; ಹಾಕಲೇಬೇಕೆಂದರೆ ಅಂಟು ಹಚ್ಚುವ ಸ್ವಲ್ಪ ಮೊದಲು ಮೇಲ್ಮೈಯನ್ನು ಅಸಿಟೋನಿನಿಂದ ಒರೆಸಬೇಕು.

ಎತ್ತರದ ಲೆಕ್ಕ ಹೀಗೆ: ತಂತಿ ನಟ್‌ನಿಂದ ಹೊರಟು ತಂತಿಹಿಡಿಯೊಳಗೆ ಸ್ವಲ್ಪ ಕೆಳಮುಖವಾಗಿ ಇಳಿಯಬೇಕು. ಸಮತಟ್ಟಾಗಿ ಹೋದರೆ ನಟ್‌ನ ಮೇಲೆ ಒತ್ತಡ ಬೀಳದೆ ತಂತಿ ಅಲ್ಲೇ ಝುಯ್ಯೆನ್ನುತ್ತದೆ. ತೀರಾ ಕಡಿದಾಗಿ ಇಳಿದರೆ ದಪ್ಪ ತಂತಿ ನಟ್‌ನಲ್ಲಿ ಸಿಕ್ಕಿಹಾಕಿಕೊಂಡು ಶ್ರುತಿ ಜಿಗಿಯುತ್ತದೆ.

ಸ್ಕ್ರೂಗಳ ವಿಷಯದಲ್ಲಿ ಬಡಗಿಗಳಿಗೆ ಗೊತ್ತಿರುವ ಹಳೆಯ ಮಾತೇ ಇಲ್ಲೂ ನಿಜ. ಮರದ ನಾರಿಗೆ ಅಡ್ಡಲಾಗಿ ಹೋದ ಸ್ಕ್ರೂ ಹಿಡಿಯುತ್ತದೆ, ನಾರಿನ ಉದ್ದಕ್ಕೆ ಹೋದ ಸ್ಕ್ರೂ ಕಿತ್ತುಬರುತ್ತದೆ. ಕೊಯ್ದ ತುದಿಯ ಮುಖಕ್ಕೆ ಬಿಗಿಯುವ ತಂತಿಹಿಡಿಗಿಂತ ಮೇಲಿನಿಂದ ಕೆಳಕ್ಕೆ ಸ್ಕ್ರೂ ಹಾಕುವಂಥದ್ದು ಒಳ್ಳೆಯದು. ಅದಕ್ಕಿಂತಲೂ ಮುಖ್ಯವಾಗಿ, ತಂತಿಗಳು ಎಳೆಯುವುದು ಬ್ರಿಜ್ ಕಡೆಗೆ ಎಂಬುದನ್ನು ನೆನಪಿಡಿ. ಲೋಹದ ತುಂಡಿನ ಮುಂಭಾಗ ಮರದ ಒಂದು ಮೆಟ್ಟಿಲಿಗೆ ಬಿಗಿಯಾಗಿ ಒತ್ತಿ ನಿಲ್ಲುವಂತೆ ಕೂರಿಸಿದರೆ ಆ 75 ಕಿಲೋ ಎಳೆತವನ್ನು ಮರವೇ ಹೊರುತ್ತದೆ, ಸ್ಕ್ರೂಗಳು ಅದನ್ನು ಅಲುಗದಂತೆ ಹಿಡಿದರೆ ಸಾಕು.

ಊರಿನ ಬಡಗಿಯಿಂದ ಈ ಕೆಲಸ ಆಗುತ್ತದೆಯೇ?

ಆಗುತ್ತದೆ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರಗಳಲ್ಲಿ ಗುಡಿಗಾರರ ಕೈಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಗಂಧದ ಮರದಲ್ಲಿ ಎಲೆಯ ನರವನ್ನು ಬಿಡಿಸುವ ಕೈಗೆ ನೆಕ್ಕಿನ ತುದಿಯನ್ನು ದುಂಡಗೆ ಇಳಿಸುವುದು ಕಷ್ಟವಲ್ಲ. ನನ್ನ ಮೂರನೆಯ ಬೇಸಿನ ತುದಿಯನ್ನು ಘಟ್ಟದ ಮೇಲಿನ ಒಬ್ಬ ಹಿರಿಯ ಗುಡಿಗಾರರು ಮಾಡಿಕೊಟ್ಟರು. ಅವರು ಮೊದಲು ಕೇಳಿದ್ದು, "ಕೈ ಇಲ್ಲಿ ಎಷ್ಟು ಸರ್ತಿ ಬರ್ತು?" ಎಂದು. ಮೊದಲ ಫ್ರೆಟ್ಟಿನಲ್ಲಿ ಹೆಬ್ಬೆರಳು ಎಲ್ಲಿ ಒರಗುತ್ತದೆಂದು ನನ್ನ ಕೈಯಿಂದಲೇ ಹಿಡಿಸಿ ನೋಡಿ, ಅಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡಿ, ಆ ಗುರುತಿನ ಆಚೆಗೆ ಮಾತ್ರ ಉಳಿ ಆಡಿಸಿದರು. ಈಗ ಆ ಬೇಸನ್ನು ಕಣ್ಣು ಮುಚ್ಚಿ ಹಿಡಿದರೂ ನೆಕ್ ಎಲ್ಲಿ ಮುಗಿಯುತ್ತದೆಂದು ಹೆಬ್ಬೆರಳಿಗೆ ತಿಳಿಯುತ್ತದೆ.

ಆದರೆ ಅಳತೆಯ ಹೊಣೆ ನಿಮ್ಮದೇ. ಮಿಲಿಮೀಟರಿನಲ್ಲಿ ಬರೆದ ನಕ್ಷೆಯನ್ನು ಕೊಡಿ, ನಟ್ ಕೂರುವ ಗಾಡಿಯನ್ನು (ಕೊರೆದ ತೋಡನ್ನು) ಮುಟ್ಟಬಾರದೆಂದು ಬಾಯಿಬಿಟ್ಟು ಹೇಳಿ, ಫ್ರೆಟ್ಟುಗಳ ಮೇಲೆ ಟೇಪ್ ಅಂಟಿಸಿ ಕೊಡಿ.

ಲೋಹದ ಭಾಗಗಳನ್ನು ಲೇತಿನಲ್ಲಿ ಮಾಡಿಸಿಕೊಳ್ಳಬಹುದೇ?

ತಂತಿಹಿಡಿಯನ್ನು ಮಾಡಿಸಬಹುದು, ಅದು ನಾಲ್ಕು ರಂಧ್ರ, ನಾಲ್ಕು ಬಿಗಿಯುವ ಸ್ಕ್ರೂ ಇರುವ ಒಂದು ದಿಮ್ಮಿ ಮಾತ್ರ. ಬ್ರಿಜ್ ಮಾಡಿಸುವ ಸಾಹಸ ಬೇಡ, ಅಲ್ಲಿ ಜಾರುವ ಭಾಗಗಳು ಕೂದಲೆಳೆಯಷ್ಟು ಸಡಿಲವಾದರೂ ಸದ್ದು ಮಾಡುತ್ತವೆ.

ಕರಾವಳಿಯಲ್ಲಿ ಯಾವ ಲೋಹ ಎಂಬುದು ಆಕಾರಕ್ಕಿಂತ ಮುಖ್ಯವಾದ ಪ್ರಶ್ನೆ. ನನ್ನ ಎರಡನೆಯ ಬೇಸಿಗೆ ಆನ್‌ಲೈನಿನಲ್ಲಿ ಅಗ್ಗವಾಗಿ ಸಿಕ್ಕಿದ ಅಲ್ಯುಮಿನಿಯಂ ಬ್ರಿಜ್ ಹಾಕಿದ್ದೆ, ಅದರ ಮರೆಗಳು ಉಕ್ಕಿನವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮರೆಯ ಸುತ್ತ ಬಿಳಿ ಬೂಷ್ಟಿನಂಥ ಪುಡಿ ಕಟ್ಟಿಕೊಂಡು ದಪ್ಪ ತಂತಿಯ ಗುಬ್ಬಿ ತಿರುಗದಾಯಿತು. ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು, ನಡುವೆ ಉಪ್ಪಿನ ತೇವ ಸೇರಿದರೆ ಬ್ಯಾಟರಿಯೊಳಗೆ ನಡೆಯುವಂಥದೇ ಕ್ರಿಯೆ ನಡೆಯುತ್ತದೆ, ಮೃದುವಾದ ಅಲ್ಯುಮಿನಿಯಂ ಸವೆಯುತ್ತದೆ. ಬೈತಖೋಲ ಬಂದರಿನಲ್ಲಿ ದೋಣಿಯ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಅನುಭವ. ಅವರು ಸ್ಕ್ರೂ ಕೊಳ್ಳುವಾಗ 304 ಸ್ಟೀಲೋ 316 ಸ್ಟೀಲೋ ಎಂದು ಕೇಳುತ್ತಾರೆ. 316ರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪುಗಾಳಿಯನ್ನು ಅದು ಹೆಚ್ಚು ತಾಳುತ್ತದೆ. ತಂತಿಹಿಡಿಯನ್ನು ಹಿತ್ತಾಳೆಯಲ್ಲಿ ಮಾಡಿಸಿ, ಬಿಗಿಯುವ ಸ್ಕ್ರೂಗಳನ್ನು 316 ಸ್ಟೇನ್‌ಲೆಸ್ಸಿನಲ್ಲಿ ತಂದು, ಮರೆಗೆ ಒಂದು ಹನಿ ಗ್ರೀಸ್ ಹಚ್ಚುವುದು ನನ್ನ ಈಗಿನ ಪದ್ಧತಿ. ಕೊಬ್ಬರಿ ಎಣ್ಣೆ ಬೇಡ. ಅದು ಅಂಟಾಗಿ ಧೂಳು ಹಿಡಿಯುತ್ತದೆ.

ಯಾವ ತಂತಿ ಹಾಕಬೇಕು?

ಎರಡೂ ತುದಿಗೆ ಗುಂಡಿರುವ ತಂತಿಗಳು ಸ್ಟೈನ್‌ಬರ್ಗರ್ ಮಾದರಿಗೆಂದು ಬಂದವು. ಹಾಕಲು ಬಹಳ ಸುಲಭ, ಆದರೆ ನಮ್ಮ ಊರುಗಳ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗುವಂಥವಲ್ಲ. ಅದಕ್ಕೇ ಸ್ಕ್ರೂವಿನಿಂದ ಕಚ್ಚಿ ಹಿಡಿಯುವ ತಂತಿಹಿಡಿಯನ್ನು ಆರಿಸಿ ಎನ್ನುತ್ತೇನೆ. ಅದರಲ್ಲಿ ಸಾಮಾನ್ಯ ತಂತಿಯೇ ನಡೆಯುತ್ತದೆ.

ಸಾಮಾನ್ಯ ತಂತಿಯನ್ನು ಹಾಕುವಾಗ ಕ್ರಮ ತಪ್ಪಬಾರದು. ಶ್ರುತಿಯ ದವಡೆಯನ್ನು ಪೂರ್ತಿ ಮುಂದಕ್ಕೆ ತಂದು, ಗುಂಡನ್ನು ಅದರಲ್ಲಿ ಕೂರಿಸಿ, ತಂತಿಯನ್ನು ಕೈಯಿಂದ ಬಿಗಿಯಾಗಿ ಎಳೆದು ತಂತಿಹಿಡಿಯಲ್ಲಿ ಸ್ಕ್ರೂ ಬಿಗಿಯಬೇಕು. ಬಳಿಕ ಶ್ರುತಿಗೆ ತರಬೇಕು. ಸ್ಕ್ರೂವಿನ ಆಚೆಗೆ ಉಳಿದ ತಂತಿಯನ್ನು ಇಕ್ಕಳದಿಂದ ಲಂಬವಾಗಿ ಬಗ್ಗಿಸಿ, ಬಗ್ಗಿದ ಮೇಲೆ ಒಂದು ಸೆಂ.ಮೀ. ಬಿಟ್ಟು ಕತ್ತರಿಸಬೇಕು. ಬಗ್ಗಿಸದೆ ಕತ್ತರಿಸಿದರೆ ಹೊರಸುತ್ತು ಒಳತಂತಿಯ ಮೇಲೆ ಸಡಿಲಗೊಳ್ಳುತ್ತದೆ. ಒಳತಂತಿ ದುಂಡಗಿರುವ ತಂತಿಗಳಲ್ಲಿ ಇದು ಖಂಡಿತ. ಕತ್ತರಿಸಿದ ಕ್ಷಣ ಏನೂ ಕಾಣುವುದಿಲ್ಲ, ನುಡಿಸಿದಾಗ ಮಾತ್ರ ಹೊಸ ತಂತಿ ಮಣ್ಣಿನ ಮಡಕೆಯಂತೆ ಮಂಕಾಗಿ ಕೇಳಿಸುತ್ತದೆ.

ಮಾರ್ಪಾಡಾದ ಮೇಲೆ ಗುಂಯ್ಯೆನ್ನುವ ಸದ್ದು ಏಕೆ ಬರುತ್ತದೆ?

ಹಳೆಯ ಬ್ರಿಜ್‌ನ ಕೆಳಗೆ ಅರ್ಥಿಂಗ್ ವೈರ್ ಒಂದು ಇತ್ತು, ಅದನ್ನು ಹೊಸ ಬ್ರಿಜ್‌ಗೆ ಮುಟ್ಟಿಸಿಲ್ಲ ಎಂದರ್ಥ. ಬಿಡಿಬಿಡಿ ಬ್ರಿಜ್‌ಗಳಾದರೆ ನಾಲ್ಕಕ್ಕೂ ಮುಟ್ಟಬೇಕು. ನಾಲ್ಕರ ಕೆಳಗೂ ಹಾಯುವಂತೆ ತಾಮ್ರದ ಪಟ್ಟಿ ಅಂಟಿಸಿ, ವೈರನ್ನು ಅದಕ್ಕೆ ಬೆಸುಗೆ ಹಾಕಿದರೆ ಸಾಕು. ಬಣ್ಣ ಬಳಿದ ಬ್ರಿಜ್ ಆದರೆ ತಳವನ್ನು ಸ್ವಲ್ಪ ಕೆರೆದುಕೊಳ್ಳಬೇಕು.

ಮಳೆಗಾಲದಲ್ಲಿ ವಿಶೇಷ ಎಚ್ಚರಿಕೆ ಬೇಕೇ?

ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಕಾರವಾರದಲ್ಲಿ ಹೊಸದಾಗಿ ಕೊಯ್ದ ಮರವನ್ನು ಬೆತ್ತಲೆ ಬಿಡುವಂತಿಲ್ಲ. ಕೊಯ್ದ ತುದಿಯಿಂದ ತೇವ ನಾರಿನ ಉದ್ದಕ್ಕೂ ಒಳಗೆ ಏರುತ್ತದೆ. ಅದು ಮೇಲ್ಮೈಗಿಂತ ಎಷ್ಟೋ ಪಾಲು ಬೇಗ ನೀರು ಕುಡಿಯುವ ಜಾಗ. ತುದಿಗೂ ಬಾಡಿಯ ಕಚ್ಚಿಗೂ ಅದೇ ದಿನ ಮೊದಲ ಕೈ ಪಾಲಿಶ್ ಹಾಕಿ, ಒಣಗಿದಂತೆ ಇನ್ನೆರಡು ಕೈ ಹಾಕಿ. ಕೆಲಸವನ್ನು ದೀಪಾವಳಿಯ ನಂತರ ಹಮ್ಮಿಕೊಂಡರೆ ಮರ ಒಣಗಿರುತ್ತದೆ, ಅಂಟೂ ಚೆನ್ನಾಗಿ ಕಚ್ಚುತ್ತದೆ.

ವೇದಿಕೆಯ ಮೇಲೆ ತಂತಿ ಕಡಿದರೆ ಏನು ಮಾಡುವುದು?

ಬೇಸಿನ ತಂತಿ ಕಡಿಯುವುದು ಅಪರೂಪ, ಆದರೆ ತಂತಿಹಿಡಿಯ ಸ್ಕ್ರೂ ಸಡಿಲಾಗಿ ಜಾರುವುದುಂಟು. ಸರಿಯಾದ ಅಳತೆಯ ಆಲೆನ್ ಕೀ ಇಲ್ಲದೆ ಆಗ ಏನೂ ಮಾಡಲಾಗದು. ಒಂದು ಕೀಯನ್ನು ಬೆಲ್ಟಿಗೆ ಕಟ್ಟಿಡಿ, ಇನ್ನೊಂದನ್ನು ಚೀಲದಲ್ಲಿಡಿ. ತಲೆಗೆ ಕಚ್ಚಿಸುವ ಶ್ರುತಿಯಂತ್ರವೂ ಇನ್ನು ನಡೆಯುವುದಿಲ್ಲವಾದ್ದರಿಂದ ಕಾಲಬಳಿ ಇಡುವ ಪೆಡಲ್ ಮಾದರಿಯದನ್ನು ತೆಗೆದುಕೊಳ್ಳಿ. ನೆಕ್ ಹಿಡಿದು ತೂಗುಹಾಕುವ ಸ್ಟ್ಯಾಂಡಿನಿಂದ ಬೇಸ್ ಜಾರಿ ಬೀಳುತ್ತದೆ, ಆದ್ದರಿಂದ ಬಾಡಿಯನ್ನು ಹೊರುವ ಸ್ಟ್ಯಾಂಡ್ ಬೇಕು.

ಇರುವ ನೆಕ್ಕನ್ನು ಕತ್ತರಿಸದೆ ಮಾಡುವ ದಾರಿ ಇಲ್ಲವೇ?

ಇದೆ, ಮತ್ತು ಹಣ ಹೊಂದಿಸಲು ಆಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದೇ ಅಳತೆಯ ಎರಡನೆಯ ನೆಕ್ ಒಂದನ್ನು ಹಳೆಯ ವಾದ್ಯದಿಂದಲೋ ಬೇರೆಡೆಯಿಂದಲೋ ಸಂಪಾದಿಸಿ ಅದನ್ನು ಕತ್ತರಿಸಿ. ಮೂಲ ನೆಕ್ಕನ್ನು ಹಳೆಯ ಬ್ರಿಜ್ ಸಮೇತ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಮಲಗಿಸಿಡಿ. ಎರಡನೆಯ ನೆಕ್ ಬಾಡಿಯ ಗಾಡಿಯಲ್ಲಿ ಅಲುಗದಂತೆ ಕೂರುತ್ತದೆಯೇ, ಅದರ ಸ್ಕೇಲ್ ಒಂದೇ ಇದೆಯೇ ಎಂಬುದನ್ನು ಮೊದಲು ನೋಡಿ. ಬಾಡಿಯ ಹಿಂದಿನ ಕಚ್ಚು ಮಾತ್ರ ಶಾಶ್ವತ.

ಕತ್ತರಿಸಿದ ತಲೆಯನ್ನು ಏನು ಮಾಡಬೇಕು?

ಎಸೆಯಬೇಡಿ. ಅದು ನಿಮ್ಮ ನೆಕ್ಕಿನದೇ ಮರ, ಅದೇ ವಯಸ್ಸು, ಅದೇ ಪಾಲಿಶ್. ನಟ್‌ನ ಹಿಂದಿನ ಇಳಿಜಾರಿನ ಮೇಲೆ ಅಂಟಿಸುವ ತುಂಡನ್ನು ಅದರಿಂದಲೇ, ನಾರಿನ ದಿಕ್ಕು ಹೊಂದಿಸಿ ಕತ್ತರಿಸಿಕೊಂಡರೆ ಎರಡೂ ಮರ ಮಳೆಗಾಲದಲ್ಲಿ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಅಂಟಿನ ಗೆರೆ ಬಾಯಿ ಬಿಡುವುದಿಲ್ಲ. ತಂತಿಹಿಡಿಯ ಸ್ಕ್ರೂಗಳಿಗೆ ಎಷ್ಟು ದಪ್ಪದ ರಂಧ್ರ ಕೊರೆಯಬೇಕೆಂಬುದನ್ನು ಮೊದಲು ಈ ತಲೆಯ ಮೇಲೆ ಪ್ರಯೋಗ ಮಾಡಿ ನೋಡಿ: ಸ್ಕ್ರೂ ಅರ್ಧ ಇಳಿಯುವಾಗಲೇ ಮರ ಸೀಳಿದರೆ ರಂಧ್ರ ಕಿರಿದಾಯಿತು, ಕೈಯಲ್ಲಿ ಎಳೆದಾಗ ಕಿತ್ತುಬಂದರೆ ದೊಡ್ಡದಾಯಿತು. ಪಾಲಿಶ್‌ನ ಬಣ್ಣವನ್ನೂ ಅದರ ಮೇಲೆಯೇ ಹಚ್ಚಿ, ಹಗಲಿನ ಬೆಳಕಿನಲ್ಲಿ ನೆಕ್ಕಿನ ಪಕ್ಕಕ್ಕಿಟ್ಟು ಹೋಲಿಸಿ. ನಾಲ್ಕು ಕೀಗಳನ್ನು ಬಿಚ್ಚಿ, ಒರೆಸಿ, ಸ್ಕ್ರೂ ಸಮೇತ ಡಬ್ಬಿಯಲ್ಲಿಡಿ. ಊರಿನಲ್ಲಿ ಯಾರದಾದರೂ ಬೇಸಿನ ಕೀ ತುಕ್ಕು ಹಿಡಿದು ಮುರಿದಾಗ ಅವು ಬೇಕಾಗುತ್ತವೆ.